ಹನ್ನೆರಡು ಟ್ರ್ಯಾಕು, ಮೂರು ಪಾಠ: ಧ್ವನಿಪಾಠದ ಮಿಶ್ರಣದಲ್ಲಿ ಗುಂಪು ಮತ್ತು ದಾರಿ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಧ್ವನಿಪಾಠ ತಯಾರಿಸುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ, ಹಿಂದೆ ಒಂದಿಷ್ಟು ಸಂಗೀತ ಸೇರಿಸಿ, ತರಗತಿಯಲ್ಲಿ ಸ್ಪೀಕರಿಗೆ ಹಾಕಿದರೆ ಕೆಲಸ ಮುಗಿಯಿತು ಎಂಬುದು ಸಾಮಾನ್ಯ ಕ್ರಮ. ಒಂದೇ ಸಲ ಕೇಳಿಸುವ ಪಾಠಕ್ಕೆ ಅಷ್ಟು ಸಾಕು, ಅದಕ್ಕಾಗಿ ಈ ಲೇಖನ ಓದುವ ಅಗತ್ಯವಿಲ್ಲ. ಒಂದೇ ಧ್ವನಿಮುದ್ರಣವನ್ನು ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ರೂಪದಲ್ಲಿ ಕೊಡಬೇಕಾದಾಗ ಏನು ಮಾಡಬೇಕು ಎಂಬುದು ಇಲ್ಲಿಯ ವಿಷಯ. ಅರೇಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ನನಗೆ ಆ ಅಗತ್ಯ ಬಂತು.

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಪರಾಗಸ್ಪರ್ಶದ ಭಾಗವಿದೆ. ಬೇಲೂರು ತಾಲ್ಲೂಕಿನ ಈ ಕಡೆಯ ಮಕ್ಕಳಿಗೆ ಅದನ್ನು ಕಾಫಿ ಹೂವಿನಿಂದಲೇ ಹೇಳಬಹುದು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಗಾಳಿಯೋ ಜೇನೋ ಅದನ್ನು ತರಬೇಕು. ಎರಡೂ ಗಿಡ ಇವರ ಮನೆಯ ಹಿಂದೆಯೇ ಇವೆ. ಇದರ ಮೇಲೆ ಏಳು ನಿಮಿಷದ ಧ್ವನಿಪಾಠ ಮಾಡುವುದೆಂದು ನಿರ್ಧರಿಸಿದೆ. ಓದುವವರು, ಹಾಡುವವರು ಒಂಬತ್ತನೆಯ ತರಗತಿಯವರು, ಏಕೆಂದರೆ ಆಗ ಅವರಿಗೆ ‘ಶಬ್ದ’ ಅಧ್ಯಾಯ ನಡೆಯುತ್ತಿತ್ತು. ಕೇಳುವವರು ಹತ್ತನೆಯವರು. ಹತ್ತನೆಯ ತರಗತಿಯಲ್ಲಿ ದೃಷ್ಟಿ ತೀರಾ ಕಡಿಮೆ ಇರುವ ಒಬ್ಬ ಹುಡುಗನಿದ್ದಾನೆ. ಉಳಿದವರಿಗೆ ಧ್ವನಿಪಾಠ ಪುಸ್ತಕದ ಜೊತೆಗೆ ಸಿಗುವ ಇನ್ನೊಂದು ವಸ್ತು. ಅವನಿಗೆ ಅದೇ ಪುಸ್ತಕ. ಪರೀಕ್ಷೆಗೆ ಮುಂಚೆ ಅವನು ಅದನ್ನು ಹತ್ತು ಹನ್ನೆರಡು ಸಲ ಕೇಳುತ್ತಾನೆ, ಹಾರ್ಮೋನಿಯಂ ಕೆಳಗೆ ಒಂದು ಪದ ಮುಚ್ಚಿಹೋದರೆ ಹನ್ನೆರಡು ಸಲವೂ ಮುಚ್ಚಿಹೋಗಿರುತ್ತದೆ.

ಆದ್ದರಿಂದ ಮೂರು ರೂಪಗಳು ಬೇಕಾದವು. ತರಗತಿಗೆ ಹಾಡು, ವಾದ್ಯ, ಹಿನ್ನೆಲೆ ಎಲ್ಲ ಇರುವ ಪೂರ್ಣ ಪಾಠ. ಆ ಹುಡುಗನಿಗೆ ಮಾತು ಸ್ಪಷ್ಟವಾಗಿರುವ ಪಾಠ. ಮೂರನೆಯದು ಹಾಡುವವರ ಧ್ವನಿ ತೆಗೆದು ವಾದ್ಯ ಮಾತ್ರ ಉಳಿಸಿದ್ದು. ಅದನ್ನು ಹಾಕಿಕೊಂಡು ಇಡೀ ತರಗತಿ ಹಾಡಬಹುದು, ಹಾಡಿನ ಸಾಲುಗಳಲ್ಲಿ ಹೂವಿನ ಭಾಗಗಳ ಹೆಸರುಗಳಿದ್ದವು. ಮೂರನ್ನೂ ಬೇರೆ ಬೇರೆಯಾಗಿ ಮಿಶ್ರಣ ಮಾಡಿದರೆ ಮೂರು ಪಟ್ಟು ಕೆಲಸ. ಅಷ್ಟೇ ಅಲ್ಲ, ಒಂದರಲ್ಲಿ ತಿದ್ದಿದ ತಪ್ಪು ಇನ್ನೊಂದರಲ್ಲಿ ಉಳಿದುಬಿಡುತ್ತದೆ. ಒಂದೇ ಮಿಶ್ರಣದಿಂದ ಮೂರೂ ಹೊರಬರುವಂತೆ ಮೊದಲೇ ದಾರಿ ಮಾಡಿಡಬೇಕು.

ನಮ್ಮ ಹತ್ತಿರ ಇದ್ದದ್ದು ಒಂದು ಲ್ಯಾಪ್‌ಟಾಪ್, ಎರವಲು ತಂದ ಒಂದು ಯುಎಸ್‌ಬಿ ಮೈಕು, ಮಕ್ಕಳ ಮನೆಯವರ ಫೋನುಗಳು. ರೆಕಾರ್ಡಿಂಗ್ ಮುಗಿದಾಗ ಹನ್ನೆರಡು ಟ್ರ್ಯಾಕುಗಳಾದವು. ನಿರೂಪಕಿ, ನಿರೂಪಕ, ತೋಟದ ರೈಟರ್ ಒಬ್ಬರ ಮಾತು, ಮುಖ್ಯ ಗಾಯಕಿ, ಹುಡುಗಿಯರ ಗುಂಪು, ಹುಡುಗರ ಗುಂಪು, ಅವರೆಲ್ಲರ ಚಪ್ಪಾಳೆ, ಹಾರ್ಮೋನಿಯಂ, ತಮಟೆ, ಶೀಟಿನ ಮಾಡಿನ ಮೇಲೆ ಬೀಳುವ ಮಳೆ, ಜೇನುಪೆಟ್ಟಿಗೆಯ ಬಳಿ ಹಿಡಿದ ಜೇನಿನ ಸದ್ದು, ಪಲ್ಪರ್ ಯಂತ್ರದ ಸದ್ದು. ಹಾರ್ಮೋನಿಯಂ ಮೊದಲು ರೆಕಾರ್ಡ್ ಮಾಡಿಕೊಂಡು, ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ ಉಳಿದವರು ಹಾಡಿದರು. ಎಲ್ಲರಿಗೂ ಇಯರ್‌ಫೋನ್ ಎಲ್ಲಿಂದ ಬರಬೇಕು? ಒಬ್ಬ ಹುಡುಗಿ ಕಿವಿಗೆ ಹಾಕಿಕೊಂಡು ಕೈಯಲ್ಲಿ ತಾಳ ತೋರಿಸಿದಳು, ಉಳಿದವರು ಅವಳ ಕೈ ನೋಡಿ ಹಾಡಿದರು. ಹೀಗೆ ಮಾಡಿದ್ದರಿಂದ ಹಾಡುವವರ ಮೈಕಿನೊಳಗೆ ಹಾರ್ಮೋನಿಯಂ ನುಸುಳಲಿಲ್ಲ. ಇದು ಮುಖ್ಯ. ರೆಕಾರ್ಡಿಂಗಿನಲ್ಲೇ ಬೆರೆತದ್ದನ್ನು ಸಾಮಾನ್ಯ ಮಿಶ್ರಣದ ಸಾಧನಗಳಿಂದ ಬಿಡಿಸಲು ಆಗುವುದಿಲ್ಲ.

ಹಿಂದಿನ ಕಾಲದಲ್ಲಿ ಬೆರೆಯದೆ ಇರುವುದೇ ಸಾಧ್ಯವಿರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಆ ಕಾಲದ ಬಾನುಲಿಯಲ್ಲಿ ಗಾಯಕರನ್ನು ಮೈಕಿನ ಹತ್ತಿರ, ಮೃದಂಗದವರನ್ನು ದೂರ ಕೂರಿಸುವುದೇ ಮಿಶ್ರಣ. ಅದಕ್ಕೂ ಮೊದಲು ಮೈಕೇ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂದು ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡರು. ಹಲವು ಟ್ರ್ಯಾಕುಗಳ ಟೇಪ್ ಯಂತ್ರಗಳು ಬಂದಮೇಲೂ ತೊಂದರೆ ಪೂರ್ತಿ ತಪ್ಪಲಿಲ್ಲ. 1967ರಲ್ಲಿ ಬೀಟಲ್ಸ್ ತಂಡದವರು ‘ಸಾರ್ಜೆಂಟ್ ಪೆಪ್ಪರ್’ ಮಾಡಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ನಾಲ್ಕೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಯಂತ್ರಕ್ಕೆ ಇಳಿಸಿ, ಖಾಲಿಯಾದ ಜಾಗದಲ್ಲಿ ಹೊಸದನ್ನು ರೆಕಾರ್ಡ್ ಮಾಡುತ್ತಿದ್ದರು. ಅದೂ ಗುಂಪು ಮಾಡುವುದೇ, ಆದರೆ ಹಿಂದಕ್ಕೆ ಬರಲಾಗದ ಗುಂಪು. ಈಗಿನ ಸಾಫ್ಟ್‌ವೇರಿನಲ್ಲಿ ಗುಂಪು ಮಾಡಿದ ಮೇಲೂ ಒಳಗಿನ ಪ್ರತಿ ಟ್ರ್ಯಾಕು ಬೇರೆಯಾಗಿಯೇ ಉಳಿಯುತ್ತದೆ. ಇದು ದೊಡ್ಡ ಅನುಕೂಲ.

ಇದನ್ನು ಒಂಬತ್ತನೆಯ ತರಗತಿಗೆ ಹೇಳಲು ಕಪ್ಪುಹಲಗೆಯ ಮೇಲೆ ನೀರಿನ ಚಿತ್ರ ಬರೆದೆ. ಯಗಚಿ ಬೇಲೂರು ದಾಟಿ ಹೇಮಾವತಿ ಸೇರುತ್ತದೆ, ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿ ಸೇರುತ್ತದೆ. ಪ್ರತಿ ಟ್ರ್ಯಾಕು ಒಂದು ಹಳ್ಳ. ಹಳ್ಳಗಳು ಸೇರಿ ಆಗುವ ಕಾಲುವೆಗೆ ಸಾಫ್ಟ್‌ವೇರಿನಲ್ಲಿ ಬಸ್ ಎನ್ನುತ್ತಾರೆ. ಎಲ್ಲ ಬಸ್‌ಗಳೂ ಕೊನೆಗೆ ಸೇರುವುದು ಮಾಸ್ಟರಿಗೆ, ಅದು ಕೆರೆ ಇದ್ದಂತೆ. ಫೇಡರ್ ಎಂದರೆ ತೂಬು. ಹಳ್ಳದ ತೂಬು ಇಳಿಸಿದರೆ ಆ ಹಳ್ಳದ ನೀರು ಮಾತ್ರ ಕಡಿಮೆಯಾಗುತ್ತದೆ, ಕಾಲುವೆಯ ತೂಬು ಇಳಿಸಿದರೆ ಅದಕ್ಕೆ ಸೇರಿದ ಎಲ್ಲ ಹಳ್ಳದ ನೀರೂ ಒಟ್ಟಿಗೆ ಕಡಿಮೆಯಾಗುತ್ತದೆ. ಕೆರೆ ತುಂಬಿ ಕೋಡಿ ಬಿದ್ದರೆ? ಧ್ವನಿ ಒಡೆಯುತ್ತದೆ, ಮಾಸ್ಟರಿನಲ್ಲಿ ಕೆಂಪು ದೀಪ ಹತ್ತುತ್ತದೆ. ಮಕ್ಕಳಿಗೆ ಇಲ್ಲಿಯವರೆಗೆ ತಕ್ಷಣ ತಿಳಿಯಿತು. ‘ಮಿಸ್, ಹಂಗಾದ್ರೆ ಕೆರೆ ತೂಬು ಇಳಿಸಿದ್ರೆ ಸಾಕಲ್ವ?’ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮಾಸ್ಟರ್ ಇಳಿಸಿದರೆ ಒಡೆಯುವುದು ನಿಲ್ಲಬಹುದು, ಆದರೆ ಮಾತಿಗಿಂತ ತಮಟೆ ಜೋರಾಗಿದ್ದರೆ ಅದು ಜೋರಾಗಿಯೇ ಉಳಿಯುತ್ತದೆ. ಪ್ರಮಾಣ ಬದಲಾಗಬೇಕಾದರೆ ಕೆರೆಗೆ ಬರುವ ಮೊದಲೇ ಬದಲಾಗಬೇಕು.

ಈಗ ಮುಖ್ಯ ಪ್ರಶ್ನೆ: ಯಾವುದನ್ನು ಯಾವುದರ ಜೊತೆ ಸೇರಿಸಬೇಕು? ಮಿಶ್ರಣ ಕಲಿಸುವವರು ಸಾಮಾನ್ಯವಾಗಿ ಹೇಳುವುದು ಮೂಲದ ಪ್ರಕಾರ ಸೇರಿಸಿ ಎಂದು. ಕಂಠಗಳೆಲ್ಲ ಒಂದು, ತಾಳವಾದ್ಯಗಳೆಲ್ಲ ಒಂದು, ಹೊರಗಿನ ಸದ್ದುಗಳೆಲ್ಲ ಒಂದು. ಸಿನಿಮಾ ಹಾಡಿಗೆ ಇದು ಸರಿ. ಪಾಠಕ್ಕೆ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಾಠದಲ್ಲಿ ಕೇಳಬೇಕಾದದ್ದು ಬೇರೆ ಪ್ರಶ್ನೆ: ಮುಂದೆ ಯಾವುದನ್ನು ಯಾವುದರ ಜೊತೆ ಎತ್ತಬೇಕು, ಇಳಿಸಬೇಕು, ತೆಗೆಯಬೇಕು?

ಇದಕ್ಕೆ ಉದಾಹರಣೆ ನಮ್ಮ ರೆಕಾರ್ಡಿಂಗಿನಲ್ಲೇ ಇತ್ತು. ರೈಟರ್ ಹೇಳಿದ ಮಾತು ಇದು: ಕೊಯ್ದು ತಂದ ಹಣ್ಣನ್ನು ಯಾವ ಗಿಡದ್ದು ಅಂತ ನೋಡಿ ವಿಂಗಡಿಸುವುದಿಲ್ಲ, ಮುಂದೆ ಏನಾಗಬೇಕು ಅಂತ ನೋಡಿ ವಿಂಗಡಿಸುತ್ತಾರೆ. ಚೆನ್ನಾಗಿ ಹಣ್ಣಾದದ್ದು ಪಲ್ಪರಿಗೆ ಹೋಗಿ ಪಾರ್ಚ್‌ಮೆಂಟ್ ಆಗುತ್ತದೆ. ಹಸಿರುಕಾಯಿ, ಗಿಡದಲ್ಲೇ ಒಣಗಿದ್ದು ಬೇರೆಯಾಗಿ ಕಣಕ್ಕೆ ಹೋಗಿ ಚೆರ್ರಿ ಆಗುತ್ತದೆ. ಒಂದೇ ಗಿಡದ ಒಂದೇ ರೆಂಬೆಯ ಎರಡು ಕಾಯಿ ಎರಡು ಕಡೆ ಹೋಗಬಹುದು.

ಟ್ರ್ಯಾಕುಗಳಲ್ಲೂ ಹಾಗೇ ಆಯಿತು. ಚಪ್ಪಾಳೆ ಹಾಕಿದವರು ಹಾಡಿದವರೇ. ಮೂಲದ ಪ್ರಕಾರ ಅದು ಹಾಡಿನ ಗುಂಪಿಗೆ ಸೇರಬೇಕು. ಆದರೆ ಹಾಡುವವರ ಧ್ವನಿ ತೆಗೆದ ಮೂರನೆಯ ರೂಪದಲ್ಲಿ ತರಗತಿಗೆ ತಾಳ ಬೇಕೇ ಬೇಕು, ತಾಳ ಕೊಡುವುದು ಚಪ್ಪಾಳೆ. ಹಾಡಿನ ಗುಂಪನ್ನು ಮುಚ್ಚಿದಾಗ ಅದೂ ಮುಚ್ಚಿಹೋಗಬಾರದು. ಆದ್ದರಿಂದ ಚಪ್ಪಾಳೆ ಹಾರ್ಮೋನಿಯಂ, ತಮಟೆಗಳ ಜೊತೆ ವಾದ್ಯದ ಗುಂಪಿಗೆ ಹೋಯಿತು.

ಇದಕ್ಕಿಂತ ಸೂಕ್ಷ್ಮವಾದದ್ದು ಜೇನಿನ ಸದ್ದು. ಮಳೆ, ಜೇನು, ಪಲ್ಪರ್ ಮೂರೂ ಹಿನ್ನೆಲೆ ಸದ್ದುಗಳು, ಆ ಹುಡುಗನ ರೂಪದಲ್ಲಿ ಹಿನ್ನೆಲೆಯನ್ನು ಪೂರ್ತಿ ತೆಗೆಯುವುದು ಎಂಬ ಯೋಜನೆಯನ್ನು ಅವನ ಮುಂದೆ ಇಟ್ಟೆ. ಅವನು ಸ್ವಲ್ಪ ಯೋಚಿಸಿ ಹೇಳಿದ: ‘ಮಳೆ ಬೇಡ ಮಿಸ್. ಅಕ್ಕ ಜೇನು ಅಂತಾಳಲ್ಲ, ಅಲ್ಲಿ ಜೇನು ಇರ್ಲಿ. ಪಲ್ಪರ್ರೂ ಇರ್ಲಿ.’ ನಿರೂಪಕಿ ‘ಈ ಸದ್ದು ಕೇಳಿ’ ಎನ್ನುವ ಜಾಗದಲ್ಲಿ ಜೇನಿನ ಸದ್ದು ಹಿನ್ನೆಲೆಯಲ್ಲ, ಪಾಠ. ಕಣ್ಣಿರುವವರಿಗೆ ಪುಸ್ತಕದಲ್ಲಿ ಹೂವಿನ ಮೇಲೆ ಕೂತ ಜೇನಿನ ಚಿತ್ರ ಇರುತ್ತದೆ, ಆ ಚಿತ್ರವನ್ನು ಅವನ ಪುಸ್ತಕದಿಂದ ಕಿತ್ತುಹಾಕುವ ಹಕ್ಕು ನಮಗಿಲ್ಲ. ಅದೇ ಜೇನು ಹಾಡಿನ ಹಿಂದೆ ಎರಡು ನಿಮಿಷ ಗುಂಯ್‌ಗುಡುವಾಗ ಮಾತ್ರ ಅದು ಹಿನ್ನೆಲೆ.

ಹೀಗಾಗಿ ಜೇನಿನ ಟ್ರ್ಯಾಕನ್ನು ಎರಡಾಗಿ ಕತ್ತರಿಸಿದೆವು. ‘ಕೇಳಿ’ ಎಂದ ಕಡೆಯ ತುಂಡು ಮಾತಿನ ಜೊತೆ ಒಂದು ಟ್ರ್ಯಾಕಿನಲ್ಲಿ, ಉಳಿದದ್ದು ಮಳೆಯ ಜೊತೆ ಇನ್ನೊಂದರಲ್ಲಿ. ಪಲ್ಪರ್ ಸದ್ದು ಬರುವುದೇ ರೈಟರ್ ಅದನ್ನು ವಿವರಿಸುವಾಗ, ಹಾಗಾಗಿ ಅದು ಪೂರ್ತಿಯಾಗಿ ಮಾತಿನ ಕಡೆಗೆ ಹೋಯಿತು. ಟ್ರ್ಯಾಕುಗಳು ಈಗ ಹದಿಮೂರು. ಮಾತಿನ ಗುಂಪು ಎಂದು ಮೊದಲು ಬರೆದಿದ್ದನ್ನು ಅಳಿಸಿ ‘ಪಾಠ’ ಎಂದು ಹೆಸರಿಟ್ಟೆವು. ಪಾಠದಲ್ಲಿ ಐದು, ಹಾಡಿನಲ್ಲಿ ಮೂರು, ವಾದ್ಯದಲ್ಲಿ ಮೂರು, ಹಿನ್ನೆಲೆಯಲ್ಲಿ ಎರಡು.

ಸಾಫ್ಟ್‌ವೇರಿನ ವಿಷಯ. ನಮ್ಮಲ್ಲಿ ಹೆಚ್ಚಿನವರು ಬಳಸುವುದು ಆಡಾಸಿಟಿ. ಕತ್ತರಿಸಲು, ಗದ್ದಲ ತೆಗೆಯಲು ಅದು ಬಹಳ ಒಳ್ಳೆಯದು, ನಾವೂ ಮೊದಲ ಹಂತ ಅದರಲ್ಲೇ ಮಾಡಿದೆವು. ಆದರೆ ನಾನು ಬಳಸಿದ ಆವೃತ್ತಿಯಲ್ಲಿ ಬಸ್ ಎಂಬುದಿಲ್ಲ. ಎಲ್ಲ ಟ್ರ್ಯಾಕುಗಳೂ ನೇರವಾಗಿ ಕೆರೆಗೆ ಬೀಳುತ್ತವೆ. ಕೆಲವನ್ನು ಆರಿಸಿ ಬೆರೆಸಿ ಒಂದು ಮಾಡಬಹುದು, ಆದರೆ ಅದು ಬೀಟಲ್ಸ್ ಕಾಲದ ಗುಂಪಿನಂತೆ. ದಾರಿ ಮಾಡಿಕೊಳ್ಳಲು ಆರ್ಡೋರ್ ಅಥವಾ ರೀಪರ್ ಬೇಕು. ಆರ್ಡೋರ್ ಮುಕ್ತ ತಂತ್ರಾಂಶ. ರೀಪರನ್ನು 60 ದಿನ ಉಚಿತವಾಗಿ ಪರೀಕ್ಷಿಸಬಹುದು, ಆಮೇಲೆ ಬಳಸಲು ಪರವಾನಗಿ ಕೊಳ್ಳಬೇಕು. ನಮ್ಮ ಶಾಲಾ ಅವಧಿ ಅಷ್ಟರೊಳಗೆ ಮುಗಿಯುತ್ತಿದ್ದುದರಿಂದ ನಾನು ರೀಪರ್ ಹಿಡಿದೆ, ಮುಂದಿನ ವಿವರಗಳು ಅದರವು. ತತ್ತ್ವ ಎರಡರಲ್ಲೂ ಒಂದೇ.

ರೀಪರಿನಲ್ಲಿ ಒಂದು ಖಾಲಿ ಟ್ರ್ಯಾಕು ಸೇರಿಸಿ, ಅದರ ಮೇಲಿನ ಫೋಲ್ಡರ್ ಗುರುತು ಒತ್ತಿ, ಬೇಕಾದ ಟ್ರ್ಯಾಕುಗಳನ್ನು ಅದರ ಕೆಳಗೆ ಎಳೆದು ಬಿಟ್ಟರೆ ಅದೇ ಬಸ್ ಆಗುತ್ತದೆ. ಮಕ್ಕಳ ಟ್ರ್ಯಾಕುಗಳ ಧ್ವನಿ ತಾಯಿ ಟ್ರ್ಯಾಕಿಗೆ ತಾನಾಗಿ ಹರಿಯುತ್ತದೆ, ತಾಯಿಯಿಂದ ಮಾಸ್ಟರಿಗೆ. ಫೋಲ್ಡರಿನೊಳಗೆ ಫೋಲ್ಡರ್ ಇಡಬಹುದು. ನಾವು ಹಾಡು ಮತ್ತು ವಾದ್ಯಗಳನ್ನು ‘ಸಂಗೀತ’ ಎಂಬ ದೊಡ್ಡ ಫೋಲ್ಡರಿನೊಳಗೆ ಇಟ್ಟೆವು. ಕಾರಣ ಮುಂದೆ ಬರುತ್ತದೆ.

ಫೋಲ್ಡರ್ ಇಲ್ಲದೆಯೂ ದಾರಿ ಮಾಡಬಹುದು. ಪ್ರತಿ ಟ್ರ್ಯಾಕಿನಲ್ಲಿ ರೂಟ್ ಎಂಬ ಗುಂಡಿ ಇದೆ, ಅದನ್ನು ಹಿಡಿದು ಇನ್ನೊಂದು ಟ್ರ್ಯಾಕಿನ ಮೇಲೆ ಎಳೆದು ಬಿಟ್ಟರೆ ಅಲ್ಲಿಗೆ ಒಂದು ಕವಲು ತೆರೆಯುತ್ತದೆ, ಅದಕ್ಕೆ ಸೆಂಡ್ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ಕವಲು ತೆರೆದ ಮಾತ್ರಕ್ಕೆ ಹಳೆಯ ದಾರಿ ಮುಚ್ಚುವುದಿಲ್ಲ. ಟ್ರ್ಯಾಕಿನ ಧ್ವನಿ ನೇರವಾಗಿಯೂ ಮಾಸ್ಟರಿಗೆ ಹೋಗುತ್ತದೆ, ಬಸ್ ಮೂಲಕ ಸುತ್ತಿಯೂ ಹೋಗುತ್ತದೆ. ಮಾಸ್ಟರ್ ಸೆಂಡ್ ಎಂಬ ಗುರುತನ್ನು ತೆಗೆದರೆ ಮಾತ್ರ ನೇರ ದಾರಿ ಮುಚ್ಚುತ್ತದೆ.

ಎರಡೂ ದಾರಿ ತೆರೆದಿದ್ದರೆ ಏನಾಗುತ್ತದೆ ಎಂಬುದನ್ನು ‘ಶಬ್ದ’ ಪಾಠಕ್ಕೆ ಬೇಕೆಂದೇ ಪ್ರಯೋಗವಾಗಿ ಮಾಡಿ ತೋರಿಸಬಹುದು, ನಾನು ತೋರಿಸಿದೆ. ಒಂದೇ ಮಾತಿನ ತುಂಡನ್ನು ಎರಡು ಟ್ರ್ಯಾಕಿನಲ್ಲಿ ನಕಲು ಮಾಡಿ ಬೆರೆಸಿದರೆ ತರಂಗದ ಪಾರ ಸರಿಯಾಗಿ ಎರಡು ಪಟ್ಟಾಗುತ್ತದೆ, ಪರದೆಯ ಮೇಲೆ ಅಳೆಯಬಹುದು. ಡೆಸಿಬೆಲ್ ಲೆಕ್ಕದಲ್ಲಿ ಅದು 6ರಷ್ಟು ಏರಿಕೆ. ಎರಡು ಬೇರೆ ಬೇರೆ ಸದ್ದುಗಳನ್ನು, ಒಂದೇ ಮಟ್ಟದ ಮಳೆ ಮತ್ತು ಜೇನು ಎನ್ನೋಣ, ಬೆರೆಸಿದರೆ ಸರಾಸರಿ ಏರಿಕೆ 3 ಡೆಸಿಬೆಲ್ ಮಾತ್ರ, ಏಕೆಂದರೆ ಅವುಗಳ ಉಬ್ಬುತಗ್ಗುಗಳು ಒಂದಕ್ಕೊಂದು ಹೊಂದುವುದಿಲ್ಲ. ಈಗ ನಕಲು ಮಾಡಿದ ತುಂಡುಗಳಲ್ಲಿ ಒಂದನ್ನು ತಲೆಕೆಳಗು ಮಾಡಿ ಬೆರೆಸಿ: ಪೂರ್ತಿ ನಿಶ್ಶಬ್ದ. ಎರಡು ಸದ್ದು ಸೇರಿ ಮೌನ ಆಗುವುದನ್ನು ಕೇಳಿದ ಮೇಲೆ ಪಾರ, ಉಬ್ಬು, ತಗ್ಗು ಎಂಬ ಪದಗಳನ್ನು ಮತ್ತೆ ವಿವರಿಸುವ ಕೆಲಸ ಇರಲಿಲ್ಲ. ನನ್ನ ಘಟಕ ಯೋಜನೆಯಲ್ಲಿ ಇದಕ್ಕೆ ಹತ್ತು ನಿಮಿಷ ಇಟ್ಟಿದ್ದೆ, ಇಡೀ ಅವಧಿ ಹೋಯಿತು. ಹೋದದ್ದು ಒಳ್ಳೆಯದೇ ಆಯಿತು.

ಬೇರೆ ಬೇರೆ ಸದ್ದುಗಳು ಸೇರಿದಾಗಲೂ ಏರಿಕೆ ಇದ್ದೇ ಇದೆ ಎಂಬುದನ್ನು ಗಮನಿಸಿ. ಒಂದೇ ಮಟ್ಟದ ಹನ್ನೆರಡು ಟ್ರ್ಯಾಕು ಒಟ್ಟಿಗೆ ನುಡಿದರೆ ಒಂದಕ್ಕಿಂತ ಸುಮಾರು 11 ಡೆಸಿಬೆಲ್ ಹೆಚ್ಚು. ಆದ್ದರಿಂದ ಪ್ರತಿ ಟ್ರ್ಯಾಕನ್ನೂ ಗರಿಷ್ಠಕ್ಕೆ ಎತ್ತಿಟ್ಟು ಆಮೇಲೆ ಕೆರೆ ಕೋಡಿ ಬಿತ್ತೆಂದು ಪೇಚಾಡಬಾರದು. ಡಿಜಿಟಲ್ ಮಟ್ಟದಲ್ಲಿ 0 ಎಂಬುದು ಕೋಡಿಯ ಎತ್ತರ. ಪ್ರತಿ ಟ್ರ್ಯಾಕಿನ ಸರಾಸರಿಯನ್ನು ಅದಕ್ಕಿಂತ 18 ಡೆಸಿಬೆಲ್ ಕೆಳಗೆ ಇಟ್ಟುಕೊಂಡರೆ ಸೇರಿಸಲು ಜಾಗ ಉಳಿಯುತ್ತದೆ.

ಬಸ್ ಇದ್ದರೆ ಸಿಗುವ ಇನ್ನೊಂದು ಅನುಕೂಲ, ಒಂದೇ ಉಪಚಾರವನ್ನು ಇಡೀ ಗುಂಪಿಗೆ ಒಮ್ಮೆಗೇ ಮಾಡಬಹುದು. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು ಹೆಚ್ಚಾಗಿ 2,000ದಿಂದ 5,000 ಹರ್ಟ್ಸ್ ನಡುವೆ. ಹಾರ್ಮೋನಿಯಂ ರೀಡುಗಳ ಮೇಲಿನ ಸ್ವರಾಂಶಗಳು, ತಮಟೆಯ ಏಟು ಎರಡೂ ಅದೇ ಜಾಗಕ್ಕೆ ಬಂದು ಕೂರುತ್ತವೆ. ವಾದ್ಯದ ಬಸ್ಸಿನ ಮೇಲೆ ಒಂದು ಈಕ್ವಲೈಸರ್ ಹಾಕಿ 3,000 ಹರ್ಟ್ಸ್ ಸುತ್ತ 3 ಡೆಸಿಬೆಲ್ ತಗ್ಗಿಸಿದರೆ ‘ಶಲಾಕೆ’, ‘ಕೇಸರ’ ಎಂಬ ಪದಗಳ ಅಂಚು ಮೇಲೆ ಬಂತು. ವಾದ್ಯದ ಮಟ್ಟ ಇಳಿಸಬೇಕಾಗಲಿಲ್ಲ.

ಆದರೂ ನಿರೂಪಣೆ ಬರುವಾಗ ಸಂಗೀತ ತಗ್ಗಬೇಕು, ನಿಂತಾಗ ಮತ್ತೆ ಏರಬೇಕು. ಆಕಾಶವಾಣಿಯಲ್ಲಿ ಉದ್ಘೋಷಕರು ಮಾತಾಡುವಾಗ ಸಂಗೀತ ಇಳಿಯುತ್ತದಲ್ಲ, ಹಾಗೆ. ಅದನ್ನು ಕೈಯಲ್ಲೇ ಮಾಡಬಹುದು, ಏಳು ನಿಮಿಷದಲ್ಲಿ ಮೂವತ್ತು ಕಡೆ. ದಾರಿಯಿಂದಲೂ ಮಾಡಬಹುದು. ‘ಸಂಗೀತ’ ಫೋಲ್ಡರಿನ ಮೇಲೆ ಕಂಪ್ರೆಸರ್ ಹಾಕಿ, ‘ಪಾಠ’ದ ಗುಂಪಿನಿಂದ ಅದಕ್ಕೆ ಒಂದು ಸೆಂಡ್ ಕೊಡಬೇಕು, ಆದರೆ ಕೇಳುವ 1 ಮತ್ತು 2ನೆಯ ಚಾನೆಲಿಗಲ್ಲ, 3 ಮತ್ತು 4ಕ್ಕೆ. ಕಂಪ್ರೆಸರಿಗೆ ‘ಈ 3–4ನ್ನು ಗಮನಿಸು’ ಎಂದು ಹೇಳಿದರೆ ಮುಗಿಯಿತು. ಇಲ್ಲಿ ಹರಿಯುವ ಧ್ವನಿ ಕೇಳುವುದಕ್ಕಲ್ಲ, ತೂಬಿನವನಿಗೆ ಸನ್ನೆ ಮಾಡುವುದಕ್ಕೆ. ಹಾಡು, ವಾದ್ಯ ಎರಡನ್ನೂ ಒಂದು ದೊಡ್ಡ ಫೋಲ್ಡರಿಗೆ ಹಾಕಿದ್ದು ಇದಕ್ಕೇ: ಎರಡೂ ಒಟ್ಟಿಗೆ ತಗ್ಗಬೇಕು. 3ಕ್ಕೆ 1ರ ಅನುಪಾತ, ಮೇಲೇರಲು ಅರ್ಧ ಸೆಕೆಂಡಿನಷ್ಟು ಸಮಯ ಕೊಟ್ಟರೆ ಸಾಕು. ಇದಕ್ಕಿಂತ ಬೇಗ ಏರಿದರೆ ಪದಪದದ ನಡುವೆ ಹಾರ್ಮೋನಿಯಂ ತಲೆ ಎತ್ತಿ ಇಣುಕುತ್ತದೆ, ಕೇಳುವವರಿಗೆ ಉಸಿರುಗಟ್ಟಿದಂತಾಗುತ್ತದೆ.

ರಿವರ್ಬ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ದಾರಿಯ ಗೊಂದಲ ಹೆಚ್ಚಾಗುವುದು ಇಲ್ಲಿ. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಪ್ರತಿಧ್ವನಿ ಕೇಳಬೇಕಾದರೆ ತಡೆ ಕನಿಷ್ಠ 17.2 ಮೀಟರ್ ದೂರದಲ್ಲಿರಬೇಕು ಎಂಬ ಲೆಕ್ಕ ಬರುತ್ತದೆ: ಸೆಕೆಂಡಿಗೆ 344 ಮೀಟರ್ ವೇಗ, 0.1 ಸೆಕೆಂಡಿನ ಅಂತರ, ಹೋಗಿ ಬರುವ ದಾರಿಯ ಅರ್ಧ. ನಾವು ರೆಕಾರ್ಡ್ ಮಾಡಿದ ಕೋಣೆ ಅದರ ಅರ್ಧವೂ ಉದ್ದವಿಲ್ಲ, ಕಿಟಕಿಗಳಿಗೆ ಜಮಖಾನ ಕಟ್ಟಿದ್ದೆವು. ಹಾಗಾಗಿ ಹಾಡು ಒಣಗಿದಂತೆ ಕೇಳುತ್ತಿತ್ತು. ಮೂರು ಕಂಠದ ಟ್ರ್ಯಾಕುಗಳಿಗೂ ಬೇರೆ ಬೇರೆ ರಿವರ್ಬ್ ಹಾಕುವ ಬದಲು ಒಂದೇ ರಿವರ್ಬ್ ಇರುವ ಟ್ರ್ಯಾಕು ಮಾಡಿ, ಮೂರರಿಂದಲೂ ಅದಕ್ಕೆ ಸಣ್ಣ ಕವಲು ಕೊಟ್ಟರೆ ಮೂವರೂ ಒಂದೇ ಕೋಣೆಯಲ್ಲಿ ನಿಂತು ಹಾಡಿದಂತಾಗುತ್ತದೆ. ಹಳೆಯ ಲ್ಯಾಪ್‌ಟಾಪಿಗೂ ಹೊರೆ ಕಡಿಮೆ.

ಕವಲನ್ನು ಎಲ್ಲಿಂದ ತೆಗೆಯುವುದು? ತೂಬಿನ ನಂತರ ತೆಗೆದರೆ, ಗಾಯಕಿಯ ಫೇಡರ್ ಇಳಿಸಿದಾಗ ಅವಳ ಅನುರಣನವೂ ಇಳಿಯುತ್ತದೆ. ತೂಬಿನ ಮೊದಲೇ ತೆಗೆದರೆ ಗಾಯಕಿ ಪೂರ್ತಿ ಇಳಿದರೂ ಅನುರಣನ ಉಳಿಯುತ್ತದೆ, ಪಕ್ಕದ ಮನೆಯಲ್ಲಿ ಯಾರೋ ಹಾಡಿದ ಹಾಗೆ. ರೀಪರ್ ತಾನಾಗಿ ಕೊಡುವುದು ಮೊದಲನೆಯದು, ಅದನ್ನೇ ಇಟ್ಟುಕೊಳ್ಳಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕವಲು ಹೊರಟದ್ದು ಪ್ರತಿ ಹಳ್ಳದ ತೂಬಿನ ನಂತರ, ಕಾಲುವೆಯ ತೂಬಿನ ನಂತರ ಅಲ್ಲ. ರಿವರ್ಬ್ ಟ್ರ್ಯಾಕನ್ನು ಫೋಲ್ಡರಿನ ಹೊರಗೆ ಇಟ್ಟಿದ್ದರೆ, ಹಾಡಿನ ಗುಂಪಿನ ಫೇಡರನ್ನು ಪೂರ್ತಿ ಇಳಿಸಿದರೂ ಹಾಡಿನ ನೆರಳು ಕೇಳುತ್ತಲೇ ಇರುತ್ತದೆ. ಮೂರನೆಯ ರೂಪದಲ್ಲಿ ಇದು ಸಲ್ಲದು. ಸರಳ ಪರಿಹಾರ: ರಿವರ್ಬ್ ಟ್ರ್ಯಾಕನ್ನೂ ಹಾಡಿನ ಫೋಲ್ಡರಿನ ಒಳಗೇ ಇಡುವುದು. ಆಗ ಕವಲು ಸುತ್ತಿ ಬಂದು ಅದೇ ಕಾಲುವೆಗೆ ಸೇರುತ್ತದೆ, ಕಾಲುವೆಯ ತೂಬು ಎಲ್ಲವನ್ನೂ ಹಿಡಿಯುತ್ತದೆ. ಇನ್ನೊಂದು ಪರಿಹಾರ ವಿಸಿಎ ಎಂಬ ಗುಂಪು. ಅದರಲ್ಲಿ ಧ್ವನಿ ಎಲ್ಲೂ ಸೇರುವುದಿಲ್ಲ, ಹಲವು ತೂಬುಗಳಿಗೆ ಒಂದೇ ಹಗ್ಗ ಕಟ್ಟಿದಂತೆ ಒಂದು ಫೇಡರ್ ಎಳೆದರೆ ಎಲ್ಲ ಫೇಡರುಗಳೂ ಬಗ್ಗುತ್ತವೆ. ಕವಲುಗಳೂ ಜೊತೆಗೇ ಇಳಿಯುತ್ತವೆ. ಆದರೆ ನೀರು ಸೇರದ ಕಡೆ ಈಕ್ವಲೈಸರ್, ಕಂಪ್ರೆಸರ್ ಹಾಕಲು ಜಾಗವಿಲ್ಲ. ಧ್ವನಿಪಾಠಕ್ಕೆ ಫೋಲ್ಡರ್ ಸಾಕು, ವಿಸಿಎ ದೊಡ್ಡ ನಾಟಕದ ರೆಕಾರ್ಡಿಂಗಿಗೆ ಬೇಕಾಗಬಹುದು.

‘ಪಾಠ’ದ ಗುಂಪಿಗೆ ರಿವರ್ಬ್ ಕೊಡಲಿಲ್ಲ. ಮಾತು ಒಣಗಿಯೇ ಇರಲಿ, ಕಿವಿಯ ಹತ್ತಿರ ಇರಲಿ.

ಇಷ್ಟು ಕಟ್ಟಿದ ಮೇಲೆ ಮೂರು ರೂಪಗಳು ಹೊರಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲ ಗುಂಪುಗಳನ್ನೂ ತೆರೆದು ರೆಂಡರ್ ಮಾಡಿದರೆ ಪೂರ್ಣ ಪಾಠ. ‘ಸಂಗೀತ’, ‘ಹಿನ್ನೆಲೆ’ ಎರಡನ್ನು ಮುಚ್ಚಿದರೆ ಆ ಹುಡುಗನ ಪಾಠ, ಜೇನು ಮತ್ತು ಪಲ್ಪರ್ ತಮ್ಮ ಜಾಗದಲ್ಲಿ. ‘ಪಾಠ’, ‘ಹಾಡು’, ‘ಹಿನ್ನೆಲೆ’ ಮುಚ್ಚಿದರೆ ಹಾರ್ಮೋನಿಯಂ, ತಮಟೆ, ಚಪ್ಪಾಳೆ ಮಾತ್ರ. ‘ಪಾಠ’ ಮುಚ್ಚಿದ್ದರಿಂದ ಕಂಪ್ರೆಸರಿಗೆ ಹೋಗುವ ಸನ್ನೆಯೂ ನಿಲ್ಲುತ್ತದೆ, ಹಾರ್ಮೋನಿಯಂ ನಡುನಡುವೆ ಕಾರಣವಿಲ್ಲದೆ ತಗ್ಗುವುದಿಲ್ಲ. ನಿರೂಪಕ ಒಂದು ಕಡೆ ‘ಪರಾಗಕೋಶ’ ಎಂಬಲ್ಲಿ ತಡವರಿಸಿದ್ದ. ಅವನನ್ನು ಮತ್ತೆ ಓದಿಸಿ ಆ ತುಂಡು ಬದಲಿಸಿದಾಗ ತಿದ್ದಿದ್ದು ಒಂದು ಕಡೆ, ಸರಿಯಾದದ್ದು ಅವನ ಧ್ವನಿ ಇರುವ ಎರಡೂ ರೂಪಗಳಲ್ಲಿ.

ಕೇಳಿ ನೋಡುವ ವಿಷಯದಲ್ಲಿ ಒಂದು ಸಲಹೆ. ಇಯರ್‌ಫೋನಿನಲ್ಲಿ ಚೆನ್ನಾಗಿ ಕೇಳಿದ್ದು ಶಾಲೆಯಲ್ಲಿ ಹಾಗೆ ಕೇಳುವುದಿಲ್ಲ. ಪ್ರಾರ್ಥನೆಗೆ ಬಳಸುವ ಹಾರ್ನ್ ಸ್ಪೀಕರಿನಲ್ಲಿ ತಮಟೆಯ ಕೆಳದನಿ ಬರುವುದೇ ಇಲ್ಲ, ಏಟಿನ ಚಟಚಟ ಮಾತ್ರ ಬರುತ್ತದೆ. ಫೋನಿನ ಸ್ಪೀಕರಿನಲ್ಲೂ ಹೆಚ್ಚುಕಡಿಮೆ ಹಾಗೇ. ಅಲ್ಲದೆ ಎರಡೂ ಕಡೆ ಎಡ, ಬಲ ಸೇರಿ ಒಂದೇ ಧ್ವನಿಯಾಗುತ್ತದೆ. ಮಾಸ್ಟರನ್ನು ಮೋನೋ ಮಾಡಿ, ಫೋನಿನಲ್ಲಿ ಕೇಳಿ, ಆಮೇಲೆ ಗುಂಪಿನ ಫೇಡರುಗಳನ್ನು ಮಾತ್ರ ಮುಟ್ಟಿ. ಆ ಹಂತದಲ್ಲಿ ಹದಿಮೂರು ಫೇಡರುಗಳನ್ನು ಮತ್ತೆ ಕೆದಕಿದರೆ ಕೆಲಸ ಮುಗಿಯುವುದಿಲ್ಲ.

ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣೆಗೆ ಬಂದಾಗ ಕೇಳಿದ ಪ್ರಶ್ನೆ ನ್ಯಾಯವಾದದ್ದು: ಏಳು ನಿಮಿಷದ ಪಾಠಕ್ಕೆ ಎರಡು ವಾರದ ಸಂಜೆಗಳು ಹೋದವು, ಖಾಯಂ ಶಿಕ್ಷಕರಿಗೆ ಇದು ಸಾಧ್ಯವೇ? ಪ್ರತಿ ಪಾಠಕ್ಕೂ ಸಾಧ್ಯವಿಲ್ಲ. ಆದರೆ ಸಮಯ ಹೋದದ್ದು ಹೆಚ್ಚಾಗಿ ರೆಕಾರ್ಡಿಂಗಿಗೆ ಮತ್ತು ಗುಂಪುಗಳನ್ನು ತೀರ್ಮಾನಿಸುವುದಕ್ಕೆ. ಗುಂಪು, ದಾರಿಗಳನ್ನು ಕಟ್ಟಿದ ಖಾಲಿ ಯೋಜನೆಯನ್ನು ಟೆಂಪ್ಲೇಟ್ ಆಗಿ ಉಳಿಸಿದರೆ ಮುಂದಿನ ಪಾಠಕ್ಕೆ ಆ ಭಾಗ ಸಿದ್ಧವಿರುತ್ತದೆ.

ಆ ಟೆಂಪ್ಲೇಟನ್ನು ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ‘ಧ್ವನಿಪಾಠ’ ಎಂಬ ಹೆಸರಿನಲ್ಲಿ ಇಟ್ಟಿದ್ದೇನೆ. ಟ್ರ್ಯಾಕುಗಳ ಹೆಸರೆಲ್ಲ ಕನ್ನಡದಲ್ಲಿವೆ. ಹಾಡು ಇಲ್ಲದ ಪಾಠ ಮಾಡುವವರು ‘ಹಾಡು’ ಫೋಲ್ಡರನ್ನು ಒಳಗಿನ ಟ್ರ್ಯಾಕುಗಳ ಸಮೇತ ಪೂರ್ತಿ ಅಳಿಸಬಹುದು, ರಿವರ್ಬ್ ಅದರೊಳಗೇ ಇರುವುದರಿಂದ ಬೇರೇನೂ ಕೆಡುವುದಿಲ್ಲ. ‘ಪಾಠ’ದಿಂದ ‘ಸಂಗೀತ’ಕ್ಕೆ ಹೋಗುವ ಸೆಂಡನ್ನು ಮಾತ್ರ 3–4ರಿಂದ ಬದಲಿಸಬೇಡಿ. 1–2ಕ್ಕೆ ಹಾಕಿದರೆ ಮಾತು ಎರಡು ದಾರಿಯಲ್ಲಿ ಕೆರೆಗೆ ಬೀಳುತ್ತದೆ.